ಹಳೆಯ ಸೇನಾ ರೈಫಲ್ ಸಂಗ್ರಹ: ಅಸಲಿಯನ್ನು ಗುರುತಿಸುವುದು, ಕೆಡಿಸದೆ ಉಳಿಸುವುದು

ಹಳೆಯ ಸೇನಾ ರೈಫಲ್ ಕೊಳ್ಳುವವರು ಎಡವುವುದು ಹೆಚ್ಚಾಗಿ ಎರಡು ಕಡೆ. ಯಾರೋ ಉಜ್ಜಿ, ಬಣ್ಣ ಹಿಡಿಸಿ, ನಾಲ್ಕು ರೈಫಲ್‌ಗಳ ಬಿಡಿಭಾಗ ಸೇರಿಸಿ ನಿಲ್ಲಿಸಿದ್ದನ್ನು ಅಸಲಿ ಎಂದು ನಂಬಿ ಹಣ ಕೊಡುತ್ತಾರೆ. ಇಲ್ಲವೇ ನಿಜವಾಗಿಯೂ ಅಸಲಿಯಾದದ್ದು ಸಿಕ್ಕಾಗ ಮೊದಲ ಸಂಜೆಯೇ ಕೂತು ತಿಕ್ಕಿ ತೊಳೆದು ತಾವೇ ಅದನ್ನು ಹಾಳು ಮಾಡುತ್ತಾರೆ. ಎರಡನೆಯದೇ ಹೆಚ್ಚು ನೋವಿನದು. ನೂರು ವರ್ಷ ಯುದ್ಧಭೂಮಿ, ಹಡಗು, ಗೋದಾಮು ಎಲ್ಲ ದಾಟಿ ಬಂದ ಮೇಲ್ಮೈ ಒಂದೇ ಗಂಟೆಯಲ್ಲಿ ಹೋಗಿಬಿಡುತ್ತದೆ. ಅದನ್ನು ಮರಳಿ ತರುವ ವಿದ್ಯೆ ಯಾರ ಬಳಿಯೂ ಇಲ್ಲ.

ಆದ್ದರಿಂದ ಹಂತಗಳ ಕ್ರಮ ಮುಖ್ಯ. ನೋಡುವುದು ಮೊದಲು, ಬರೆದಿಡುವುದು ಆಮೇಲೆ, ಕೈ ಹಚ್ಚುವುದು ಕೊನೆಗೆ.

‘ಮೂಲ ಸ್ಥಿತಿ’ ಎಂದರೆ ಹೊಚ್ಚಹೊಸದರಂತೆ ಹೊಳೆಯುವುದು ಎಂದಲ್ಲ. ಸೇನೆಯ ಕೈಬಿಟ್ಟು ಹೊರಬಂದ ದಿನ ಹೇಗಿತ್ತೋ ಹಾಗೆಯೇ, ಆಮೇಲೆ ಯಾರೂ ತಿದ್ದದೆ ಉಳಿದಿರುವುದು ಎಂದರ್ಥ. ಸೈನಿಕನ ಕೈ ತಾಗಿ ಕಪ್ಪಾದ ಮರ, ಬೂಟಿನ ಏಟಿನ ಗುಳಿ, ಚರ್ಮದ ಪಟ್ಟಿ ಉಜ್ಜಿ ಸವೆದ ಅಂಚು, ಇವೆಲ್ಲ ಮೂಲ ಸ್ಥಿತಿಯ ಒಳಗೇ ಬರುತ್ತವೆ.

ಹಂತ 1: ಕಾನೂನು ತಿಳಿಯಿರಿ, ಒಂದೇ ಮಾದರಿ ಹಿಡಿಯಿರಿ

‘ಆಂಟಿಕ್’ ಎಂಬ ಪದದ ಅರ್ಥ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಆಂಟಿಕ್. ಅಲ್ಲಿ 1898ರ ಸ್ವೀಡಿಷ್ ಮೌಸರ್ ರೈಫಲ್‌ಗೆ ಒಂದು ನಿಯಮ, ಅದರ ಪಕ್ಕದಲ್ಲೇ ನಿಂತ 1899ರದ್ದಕ್ಕೆ ಇನ್ನೊಂದು. ಕೆಲವು ದೇಶಗಳು ತೋಟೆಯ ಅಳತೆಯನ್ನೂ ನೋಡುತ್ತವೆ. ಇನ್ನು ಕೆಲವು ಕಡೆ ಎಷ್ಟೇ ಹಳೆಯದಾದರೂ ಪರವಾನಗಿ ಬೇಕೇ ಬೇಕು. ನೀವು ಇರುವಲ್ಲಿನ ಪರವಾನಗಿ ಅಧಿಕಾರಿಯಿಂದ ಲಿಖಿತ ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ. ‘ಇದು ಹಳೆಯದು, ಕಾಗದ ಬೇಡ’ ಎಂದು ಮಾರುವವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಒಂದು ಎಚ್ಚರಿಕೆ. ಕೆಲವು ಕಡೆ ರೈಫಲನ್ನು ನಿಷ್ಕ್ರಿಯಗೊಳಿಸಿದರೆ ಮಾತ್ರ ಇಟ್ಟುಕೊಳ್ಳಲು ಬಿಡುತ್ತಾರೆ. ವೆಲ್ಡಿಂಗ್ ಮಾಡಿ, ನಳಿಗೆ ಕೊರೆದು ಮಾಡುವ ಆ ಕೆಲಸ ಮೂಲ ಸ್ಥಿತಿಯನ್ನು ಶಾಶ್ವತವಾಗಿ ಮುಗಿಸುತ್ತದೆ. ಇದು ತಿಳಿದೇ ಕೊಳ್ಳಿ.

ಮಾದರಿಯ ವಿಷಯಕ್ಕೆ ಬಂದರೆ, ಆರಂಭದಲ್ಲಿ ಒಂದೇ ಸಾಕು. ಬ್ರಿಟನ್ನಿನ ಲೀ-ಎನ್‌ಫೀಲ್ಡ್, ಜರ್ಮನಿಯ ಮೌಸರ್, ರಷ್ಯಾದ ಮೋಸಿನ್-ನಗಾಂತ್, ಜಪಾನಿನ ಅರಿಸಾಕಾ, ಯಾವುದಾದರೂ ಆಗಲಿ, ಅಂಥ ಹತ್ತು ಹದಿನೈದು ರೈಫಲ್‌ಗಳನ್ನು ವಸ್ತುಸಂಗ್ರಹಾಲಯದಲ್ಲೋ ಹಿರಿಯ ಸಂಗ್ರಾಹಕರ ಮನೆಯಲ್ಲೋ ನೋಡಿದ ಮೇಲೆ ಮೊದಲನೆಯದನ್ನು ಕೊಳ್ಳಿ. ಎಲ್ಲದರಲ್ಲೂ ಒಂದೊಂದು ಬೇಕು ಎಂದು ಹೊರಟವರು ಯಾವುದರಲ್ಲೂ ಕಣ್ಣು ಪಳಗಿಸಿಕೊಳ್ಳುವುದಿಲ್ಲ. ಮೋಸ ಹೋಗುವವರು ಹೆಚ್ಚಾಗಿ ಅವರೇ.

ಹಂತ 2: ಚೀಲದಲ್ಲಿ ಏನಿರಬೇಕು

ಬಲವಾದ ಸಣ್ಣ ಟಾರ್ಚು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ನಳಿಗೆಯೊಳಗೆ ಇಳಿಸುವ ತೆಳುವಾದ ದೀಪ, ನಳಿಗೆಗಿಂತ ಉದ್ದದ ಮರದ ಕಡ್ಡಿ, ಅಳತೆಪಟ್ಟಿ, ನೈಟ್ರೈಲ್ ಕೈಗವಸು, ನೋಟ್‌ಬುಕ್. ಸಾಧ್ಯವಾದರೆ ಅತಿನೇರಳೆ ಕಿರಣದ ಟಾರ್ಚು ಕೂಡ. ಅದರ ಬೆಳಕಿನಲ್ಲಿ ಅರಗಿನ ಪಾಲಿಶ್ ಕಿತ್ತಳೆ ಬಣ್ಣದಲ್ಲಿ ಮಿನುಗುತ್ತದೆ. ಅಂಟು ಹಾಕಿ ಮುಚ್ಚಿದ ಬಿರುಕು ಸುತ್ತಲಿನ ಮರಕ್ಕಿಂತ ಬೇರೆಯಾಗಿ ಎದ್ದು ಕಾಣುತ್ತದೆ.

ಸ್ಕ್ರೂ ಡ್ರೈವರ್ ಮನೆಯಲ್ಲೇ ಇರಲಿ. ನೋಡಲು ಹೋದಾಗ ಬಿಚ್ಚುವ ಕೆಲಸ ಇಲ್ಲ.

ಹಂತ 3: ಖಾಲಿ ಇದೆಯೇ?

ಮಾರುವವರು ಖಾಲಿ ಎಂದರೂ ನೀವೇ ನೋಡಿ. ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ಭಾಗ) ತೆರೆದು ತೋಟೆ ಕೂರುವ ಕೋಣೆಯನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ತೋಟೆ ತುಂಬಿಡುವ ಮ್ಯಾಗಜಿನ್ ಪೆಟ್ಟಿಗೆಯನ್ನು ತಳದವರೆಗೆ ಪರೀಕ್ಷಿಸಿ. ಎಲ್ಲ ಹೊತ್ತಿನಲ್ಲೂ ನಳಿಗೆಯ ಬಾಯಿ ಜನರಿಲ್ಲದ ಕಡೆಗಿರಲಿ.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಇಷ್ಟು ಸಾಲದು. 1853ರ ಎನ್‌ಫೀಲ್ಡ್‌ನಂಥ ಕೋವಿಗಳಲ್ಲಿ ಕೊನೆಯ ಬಾರಿ ತುಂಬಿದ ಮದ್ದು ಇವತ್ತಿಗೂ ಹಾಗೇ ಇರಬಹುದು. ಕರಿಮದ್ದು ಒಣಗಿದ್ದರೆ ತಲೆಮಾರುಗಳು ಕಳೆದರೂ ಸಿಡಿಯುತ್ತದೆ. ಮರದ ಕಡ್ಡಿಯನ್ನು ನಿಧಾನವಾಗಿ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿಯಿರಿ. ಕಡ್ಡಿಯ ತುದಿ ಕೇಪು ಕೂರುವ ಮೊಳೆಯ ಹತ್ತಿರಕ್ಕೆ ಬರಬೇಕು. ಎರಡು ಮೂರು ಬೆರಳಿನಷ್ಟು ಮುಂದೆಯೇ ನಿಂತರೆ ಒಳಗೆ ಏನೋ ಇದೆ. ಅದನ್ನು ನೀವು ತೆಗೆಯಲು ಹೋಗಬೇಡಿ. ಕುಟ್ಟುವುದು, ಕೊರೆಯುವುದು, ಬಿಸಿ ಮಾಡುವುದು ಯಾವುದೂ ಬೇಡ. ಕೋವಿ ರಿಪೇರಿಯ ನುರಿತವರನ್ನೇ ಕರೆಯಿರಿ.

ಹಂತ 4: ಮೊದಲು ದೂರದಿಂದ ನೋಡಿ

ಎರಡು ಮಾರು ದೂರ ನಿಂತು ಇಡೀ ಆಕಾರ ನೋಡಿ. ಯುದ್ಧಗಳ ನಂತರ ಅಗ್ಗಕ್ಕೆ ಬಂದ ಲಕ್ಷಾಂತರ ಸೇನಾ ರೈಫಲ್‌ಗಳನ್ನು ಬೇಟೆಗೆಂದು ಕತ್ತರಿಸಿದರು. ಮುಂಭಾಗದ ಮರ ಮೊಟಕು, ಮೇಲಿನ ಮರದ ಕವಚ ನಾಪತ್ತೆ, ದೂರದರ್ಶಕ ಕೂರಿಸಲು ರಿಸೀವರ್ (ನಳಿಗೆಯ ಬುಡ ಕೂರುವ, ಬೋಲ್ಟ್ ಆಡುವ ಲೋಹದ ಭಾಗ) ಮೇಲೆ ತೂತು. ಇವುಗಳಿಗೆ ಹೊಸದಾಗಿ ಮರ ಜೋಡಿಸಿ ಮತ್ತೆ ಸೇನಾ ರೂಪ ಕೊಟ್ಟು ಮಾರುವುದು ಸಾಮಾನ್ಯ. ರಿಸೀವರ್ ಮೇಲೆ ಸಾಲಾಗಿ ಮುಚ್ಚಿದ ತೂತುಗಳ ಉರುಟು ನೆರಳು ಕಂಡರೆ, ಅಥವಾ ಮುಂಭಾಗದ ಮರಕ್ಕೂ ಭುಜಕ್ಕೆ ಒತ್ತುವ ಬಟ್ಟಿನ ಮರಕ್ಕೂ ಬಣ್ಣ, ಎಳೆ, ಸವಕಲು ಹೊಂದದಿದ್ದರೆ ಅನುಮಾನಿಸಿ.

ಇನ್ನೊಂದು ಗುಟ್ಟಿನ ಗಾಯವಿದೆ. ಎರಡನೇ ಮಹಾಯುದ್ಧದಿಂದ ಮನೆಗೆ ಮರಳಿದ ಕೆಲವು ಸೈನಿಕರು ಜರ್ಮನ್, ಜಪಾನಿ ರೈಫಲ್‌ಗಳನ್ನು ಬಟ್ಟೆಚೀಲದಲ್ಲಿ ಹಿಡಿಸಲು ಮರವನ್ನು, ನಳಿಗೆಗೂ ಮರಕ್ಕೂ ಸುತ್ತಿದ ಲೋಹದ ಬಳೆಯ ಅಡಿಯಲ್ಲಿ ಅಡ್ಡ ಕತ್ತರಿಸಿದ್ದರು. ಬಳೆ ಮುಚ್ಚಿರುವುದರಿಂದ ಹೊರಗೆ ಕಾಣುವುದಿಲ್ಲ. ಬಳೆಯ ಮುಂದೆ, ಹಿಂದೆ ಮರವನ್ನು ಮೆಲ್ಲಗೆ ಹಿಡಿದು ಅಲ್ಲಾಡುತ್ತದೆಯೇ ನೋಡಿ. ಬೆಲೆ ಇಳಿಯುತ್ತದೆ ನಿಜ, ಆದರೆ ನನ್ನ ಮಟ್ಟಿಗೆ ಅಂಥದ್ದು ಬೇಟೆ ರೈಫಲ್‌ಗಿಂತ ಎಷ್ಟೋ ಮೇಲು. ಅದರ ಉಳಿದದ್ದೆಲ್ಲ 1945ರಲ್ಲಿ ಇದ್ದಂತೆಯೇ ಉಳಿದಿರುವ ಸಂಭವ ಹೆಚ್ಚು.

ಹಂತ 5: ಮರವನ್ನು ಓದಿ

ಟಾರ್ಚನ್ನು ನೇರವಾಗಿ ಹಿಡಿಯಬೇಡಿ. ಮರಕ್ಕೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಸವೆದ ಮುದ್ರೆಗಳು, ಉಜ್ಜಿದ ಗೆರೆಗಳು ಆ ಓರೆ ಬೆಳಕಿನಲ್ಲಿ ಮಾತ್ರ ಏಳುತ್ತವೆ.

ಕಾರ್ಖಾನೆಯಲ್ಲಿ ಮರವನ್ನು ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರವಾಗಿ ಬಿಡುತ್ತಿದ್ದರು. ಲೋಹದ ಫಲಕದ ಸುತ್ತ ಬೆರಳು ಎಳೆದು ನೋಡಿ. ಮರ ಲೋಹಕ್ಕಿಂತ ತಗ್ಗಿದ್ದರೆ ಯಾರೋ ಸ್ಯಾಂಡ್ ಪೇಪರ್ ಹಾಕಿದ್ದಾರೆ. ಮರದ ಚೂಪು ಅಂಚುಗಳು ದುಂಡಗಾಗಿ, ತಪಾಸಣೆಯ ಮುದ್ರೆ ಅರ್ಧ ಅಳಿಸಿದ್ದರೆ ಸಂಶಯವೇ ಬೇಡ. ಮುದ್ರೆ ಮಾತ್ರ ಚೂಪಾಗಿ ಎದ್ದು ಸುತ್ತಲಿನ ಮರ ಸವೆದಿದ್ದರೆ ಇನ್ನೂ ಕೆಟ್ಟದು, ಮುದ್ರೆಯೇ ಹೊಸದು.

ಲೀ-ಎನ್‌ಫೀಲ್ಡ್‌ನಲ್ಲಿ ರಿಸೀವರಿನ ಹಿಂದುಗಡೆ ಮರ ಸೀಳಿದೆಯೇ ಎಂದು ತಪ್ಪದೆ ನೋಡಿ. ಬಟ್ಟಿನ ಕುತ್ತಿಗೆ ಎಣ್ಣೆ ಕುಡಿದು ಕರ್ರಗೆ ಮೆತ್ತಗಾಗಿದ್ದರೆ ದಶಕಗಳ ಕಾಲ ಬಾಯಿ ಮೇಲೆ ಮಾಡಿ ನಿಲ್ಲಿಸಿದ್ದರು ಎಂದರ್ಥ.

ಹಂತ 6: ಲೋಹದ ಬಣ್ಣ

ಮೂಲ ಕಪ್ಪು-ನೀಲಿ ಬಣ್ಣ ಎಲ್ಲ ಕಡೆ ಒಂದೇ ಸಮ ಉಳಿಯುವುದಿಲ್ಲ. ಕೈ ಹಿಡಿಯುವಲ್ಲಿ, ಬಾಯಿಯ ತುದಿಯಲ್ಲಿ ತೆಳುವಾಗಿ, ಮರದ ಕವಚದ ಅಡಿಯಲ್ಲಿ ದಟ್ಟವಾಗಿರುತ್ತದೆ. ತುದಿಯಿಂದ ಬುಡದವರೆಗೆ ಒಂದೇ ಬಣ್ಣ ಇದ್ದರೆ ಅದು ಹೆಚ್ಚಾಗಿ ಆಮೇಲೆ ಹಿಡಿಸಿದ್ದು.

ಖಚಿತವಾದ ಗುರುತು ಒಂದಿದೆ: ತುಕ್ಕು ತಿಂದ ಗುಳಿಯ ಒಳಗೆ ನೋಡಿ. ಗುಳಿಯ ತಳದಲ್ಲೂ ಹೊಳೆಯುವ ಬಣ್ಣ ಕೂತಿದ್ದರೆ, ತುಕ್ಕು ಮೊದಲು ಬಂದು ಬಣ್ಣ ಆಮೇಲೆ ಬಂದಿದೆ. ಇದರ ಜೊತೆಗೆ ಅಕ್ಷರಗಳ ಅಂಚು ಮಸುಕಾಗಿರುವುದು, ಸ್ಕ್ರೂ ತೂತಿನ ಬಾಯಿ ತಟ್ಟೆಯಂತೆ ತಗ್ಗಿರುವುದು ಪಾಲಿಶ್ ಚಕ್ರಕ್ಕೆ ಹಿಡಿದ ಲಕ್ಷಣ.

ಸ್ಕ್ರೂ ತಲೆಗಳನ್ನು ಒಂದೊಂದಾಗಿ ನೋಡಿ. ಸೀಳು ಕಿತ್ತು ಕಚ್ಚಾಗಿದ್ದರೆ ಒಳಗೆ ಯಾರೋ ಆತುರದ ಕೈ ಆಡಿಸಿದ್ದಾರೆ.

ಹಂತ 7: ಮುದ್ರೆ ಮತ್ತು ಸೀರಿಯಲ್ ನಂಬರ್

ಅರ್ಧ ಗಂಟೆ ಇಲ್ಲೇ ಕೂರಿ. ಬೆಲೆಯ ದೊಡ್ಡ ಪಾಲು ನಿಲ್ಲುವುದು ಇಲ್ಲಿ, ಮೋಸದ ದೊಡ್ಡ ಪಾಲು ಕೂಡ.

ಎಲ್ಲ ಸೇನೆಗಳೂ ಒಂದೇ ರೀತಿ ನಂಬರ್ ಹಾಕಲಿಲ್ಲ. ಜರ್ಮನ್ ಕೆ98ಕೆ ಮೌಸರ್‌ನಲ್ಲಿ ರಿಸೀವರಿನ ಮೇಲಿನ ನಂಬರಿನ ಕೊನೆಯ ಅಂಕಿಗಳು ಬಳೆ, ಸಣ್ಣ ಬಿಡಿಭಾಗ, ಸ್ಕ್ರೂಗಳ ಮೇಲೂ ಇರುತ್ತಿದ್ದವು. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಮಾತ್ರ ಅದು ಕಡಿಮೆಯಾಯಿತು. ಲೀ-ಎನ್‌ಫೀಲ್ಡ್ ನಂ. 1ರಲ್ಲಿ ರಿಸೀವರ್, ನಳಿಗೆ, ಬೋಲ್ಟ್ ಹಿಡಿಯ ಬುಡ, ಗುರಿಪಟ್ಟಿ, ಮೂತಿಯ ಕವಚ, ಮುಂಭಾಗದ ಮರ ಇಷ್ಟನ್ನು ಹೋಲಿಸಿ. ಮೋಸಿನ್-ನಗಾಂತ್‌ನಲ್ಲಿ ನಳಿಗೆಯ ಬುಡ, ಬೋಲ್ಟ್, ಮ್ಯಾಗಜಿನ್ ತಳ, ಬಟ್ಟಿನ ತಗಡು. ಅಮೆರಿಕದ ಎಂ1 ಗರಾಂಡ್‌ನಲ್ಲಿ ನಂಬರ್ ಇರುವುದು ರಿಸೀವರ್ ಮೇಲೆ ಮಾತ್ರ. ಉಳಿದ ಭಾಗಗಳಿಗೆ ಅವುಗಳ ತಯಾರಿಕೆಯ ನಕ್ಷೆಯ ಸಂಖ್ಯೆ ಇರುತ್ತದೆ, ಆ ಸಂಖ್ಯೆ ರಿಸೀವರಿನ ಕಾಲಕ್ಕೆ ಹೊಂದುತ್ತದೆಯೇ ಎಂಬುದೇ ಅಲ್ಲಿನ ಪ್ರಶ್ನೆ. ಹಾಗಾಗಿ ‘ಎಲ್ಲ ನಂಬರ್ ಒಂದೇ ಇರುವ ಗರಾಂಡ್’ ಎಂದು ಯಾರಾದರೂ ಹೇಳಿದರೆ ಅವರಿಗೆ ವಿಷಯ ಗೊತ್ತಿಲ್ಲ ಎಂದೇ ತಿಳಿಯಿರಿ.

ನಂಬರ್ ಒಂದೇ ಆದರೆ ಸಾಲದು, ಅಚ್ಚು ಕೂಡ ಒಂದೇ ಆಗಿರಬೇಕು. ಭೂತಗನ್ನಡಿಯಲ್ಲಿ ಅಂಕಿಗಳ ಗಾತ್ರ, ಬಾಲ, ಆಳ ಹೋಲಿಸಿ. ಹಳೆಯ ನಂಬರನ್ನು ಅರೆದು ಹೊಸದು ಕುಟ್ಟಿದ್ದರೆ ಆ ಜಾಗ ಸ್ವಲ್ಪ ತಗ್ಗಾಗಿ, ಸಪಾಟಾಗಿ ಇರುತ್ತದೆ. ಅಂಕಿಯ ಅಂಚಿನಲ್ಲಿ ಎದ್ದ ಲೋಹ ಬೆರಳಿಗೆ ತಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಅರಿಯದೆ ಬಹಳ ಜನ ಒಳ್ಳೆಯ ರೈಫಲನ್ನು ತಳ್ಳಿ ಬರುತ್ತಾರೆ. ಸೇನೆಯೇ ಮಾಡಿದ ಬದಲಾವಣೆ ಬೇರೆ, ವ್ಯಾಪಾರಿ ಮಾಡಿದ್ದು ಬೇರೆ. ಸೋವಿಯತ್ ಶಸ್ತ್ರಾಗಾರಗಳು ಎರಡನೇ ಮಹಾಯುದ್ಧದ ನಂತರ ಮೋಸಿನ್‌ಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಅರಗಿನ ಪಾಲಿಶ್ ಬಳಿದು, ಹಳೆಯ ನಂಬರಿಗೆ ಗೆರೆ ಎಳೆದು ಹೊಸದನ್ನು ಹಾಕಿದವು. ವಶಪಡಿಸಿಕೊಂಡ ಜರ್ಮನ್ ಮೌಸರ್‌ಗಳಿಗೂ ಅದೇ ಉಪಚಾರ. ಹಲವದರ ರಿಸೀವರ್ ಮೇಲೆ ‘X’ ಆಕಾರದ ಗುರುತು, ವಿದ್ಯುತ್ ಲೇಖನಿಯಲ್ಲಿ ಗೀಚಿದ ನಂಬರ್, ಕಪ್ಪು ಬಣ್ಣ ಹಿಡಿಸಿದ ಬೋಲ್ಟ್ ಸಿಗುತ್ತವೆ. ಚೌಕದೊಳಗೆ ‘SA’ ಎಂದಿದ್ದರೆ ಅದು ಫಿನ್‌ಲ್ಯಾಂಡ್ ಸೇನೆಯ ಸೊತ್ತಾಗಿತ್ತು. ಇವೆಲ್ಲ ಆ ರೈಫಲಿನ ಸೇವೆಯ ಭಾಗ. ಕಾರ್ಖಾನೆಯ ಮೂಲ ಸ್ಥಿತಿ ಎಂದು ಹೇಳಿ ಅದರ ಬೆಲೆ ಕೇಳಿದರೆ ಮಾತ್ರ ತಕರಾರು.

1907ರಲ್ಲಿ ಬಂದ ಲೀ-ಎನ್‌ಫೀಲ್ಡ್ ನಂ. 1 ಮಾರ್ಕ್ 3ರಲ್ಲಿ ಮ್ಯಾಗಜಿನ್ ತಡೆಯುವ ತಗಡು, ಎಡಬದಿಯಲ್ಲಿ ದೂರದ ಗುರಿಯ ಫಲಕ ಎರಡೂ ಇದ್ದವು. 1916ರಿಂದ, ಉತ್ಪಾದನೆ ಚುರುಕಾಗಲೆಂದು, ಅವನ್ನು ಬಿಟ್ಟ ಸರಳ ಮಾದರಿಗೆ ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಸೇರಿತು. 1912ರ ರೈಫಲ್ ಮೇಲೆ ಆ ಫಲಕ ಇಲ್ಲದಿದ್ದರೆ ಮುಂಭಾಗದ ಮರ ಬದಲಾಗಿದೆ, ಹೆಚ್ಚಾಗಿ ಸೇನೆಯ ಕೈಯಲ್ಲೇ. ಆ ಮರದ ಮೇಲೆ ಫಲಕವನ್ನು ಹೊಸದಾಗಿ ಕೂರಿಸಿ ‘ಅಪರೂಪ’ ಎಂದರೆ ಅದು ಮೋಸ.

ಜಪಾನಿ ಅರಿಸಾಕಾಗಳಲ್ಲಿ ರಿಸೀವರ್ ಮೇಲೆ ಚಕ್ರವರ್ತಿಯ ಚಿಹ್ನೆಯಾದ ಹದಿನಾರು ದಳದ ಸೇವಂತಿಗೆ ಮುದ್ರೆ ಇರುತ್ತಿತ್ತು. 1945ರ ಶರಣಾಗತಿಯ ವೇಳೆ ಹೆಚ್ಚಿನವುಗಳಲ್ಲಿ ಅದನ್ನು ಅರೆದು ಅಳಿಸಿದರು. ಅಳಿಸದೆ ಉಳಿದವಕ್ಕೆ ಬೇಡಿಕೆ ಹೆಚ್ಚು, ಆದ್ದರಿಂದ ಅಳಿಸಿದ ಜಾಗದಲ್ಲಿ ಮತ್ತೆ ಕೆತ್ತುವವರೂ ಇದ್ದಾರೆ. ಮುದ್ರೆಯ ಸುತ್ತ ಉಂಗುರದ ದುಂಡು ತಗ್ಗಿದೆಯೇ ಎಂದು ಓರೆ ಬೆಳಕಿನಲ್ಲಿ ನೋಡಿ. ಅರೆದು ಹೋದದ್ದಕ್ಕೂ ನನ್ನ ಕಪಾಟಿನಲ್ಲಿ ಜಾಗ ಇದ್ದೇ ಇದೆ, ಆ ಗೀರೇ ಆ ದಿನದ ದಾಖಲೆ.

ಖೈಬರ್ ಕಣಿವೆಯ ಸುತ್ತ ಕೈಯಲ್ಲೇ ತಯಾರಾದ ಮಾರ್ಟಿನಿ-ಹೆನ್ರಿ, ಎನ್‌ಫೀಲ್ಡ್ ನಕಲುಗಳನ್ನು ಹಿಡಿಯುವುದು ಸುಲಭ. ‘N’ ತಿರುಗುಮುರುಗು, ಕಾಗುಣಿತ ತಪ್ಪು, ಸಾಲು ಸೊಟ್ಟ. ವಿಕ್ಟೋರಿಯಾ ರಾಣಿಯ ‘VR’ ಮುದ್ರೆಯ ಕೆಳಗೆ 1901ರ ನಂತರದ ವರ್ಷ ಇದ್ದರೆ ಅಲ್ಲಿಗೆ ಮುಗಿಯಿತು, ರಾಣಿ ತೀರಿಕೊಂಡದ್ದೇ 1901ರ ಜನವರಿಯಲ್ಲಿ. ಇವನ್ನು ನಕಲು ಎಂದೇ ಪ್ರೀತಿಯಿಂದ ಕೂಡಿಡುವವರೂ ಇದ್ದಾರೆ, ಆದರೆ ಗುಂಡು ಹಾರಿಸುವ ಮಾತು ಬೇಡ.

ಹಂತ 8: ನಳಿಗೆಯ ಒಳಗೆ

ದೀಪ ಇಳಿಸಿ, ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ಗೆರೆಗಳ ಅಂಚು ಚೂಪಾಗಿದೆಯೇ ನೋಡಿ. ಒಳಗೆ ಕಪ್ಪಾಗಿರುವುದು ಸಹಜ. ಹಳೆಯ ಸೇನಾ ತೋಟೆಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹಾರಿಸಿದ ಮೇಲೆ ಅದರಿಂದ ಉಳಿಯುವ ಉಪ್ಪು ಗಾಳಿಯ ತೇವ ಎಳೆದು ನಳಿಗೆಯನ್ನು ತಿನ್ನುತ್ತಿತ್ತು. ನಳಿಗೆಯೊಳಗೆ ಕಪ್ಪು ಉಂಗುರದ ನೆರಳು ಕಂಡು, ಅದೇ ಜಾಗದಲ್ಲಿ ಹೊರಗೆ ಬೆರಳಿಗೆ ಉಬ್ಬು ಸಿಕ್ಕರೆ ನಳಿಗೆ ಒಮ್ಮೆ ಊದಿಕೊಂಡಿದೆ.

ಹಾರಿಸುವ ಆಸೆ ಇದ್ದರೆ ನುರಿತವರಿಂದ ತೋಟೆಯ ಕೋಣೆಯ ಅಳತೆ ತೆಗೆಸುವವರೆಗೆ ಕಾಯಿರಿ. ಕೆಲವನ್ನು ಎಂದೂ ಹಾರಿಸಬಾರದು. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್‌ಗಳಲ್ಲಿ, ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ 8,00,000ಕ್ಕಿಂತ ಕಡಿಮೆ ನಂಬರಿನವೂ ರಾಕ್ ಐಲೆಂಡ್‌ನ 2,85,507ಕ್ಕಿಂತ ಕಡಿಮೆ ನಂಬರಿನವೂ ಉಕ್ಕು ಕಾಯಿಸುವಾಗಿನ ಲೋಪದಿಂದ ಪೆಡಸಾಗಿರಬಹುದು. ಒಡೆದರೆ ಮುಖದ ಹತ್ತಿರವೇ ಒಡೆಯುತ್ತದೆ.

ಹಂತ 9: ಮನೆಗೆ ತಂದ ಮೇಲೆ, ಮೊದಲ ವಾರ

ಏನನ್ನೂ ಒರೆಸಬೇಡಿ. ಬಂದ ಸ್ಥಿತಿಯಲ್ಲೇ ಎರಡೂ ಬದಿ, ಮೇಲೆ, ಕೆಳಗೆ, ಪ್ರತಿ ಮುದ್ರೆಯ ಹತ್ತಿರದ ಫೋಟೊ ತೆಗೆಯಿರಿ. ನೋಟ್‌ಬುಕ್ಕಿನಲ್ಲಿ ಒಂದೊಂದು ಭಾಗಕ್ಕೂ ನಂಬರ್, ಬಣ್ಣ, ಗಾಯ ಬರೆಯಿರಿ. ಮಾರಿದವರು ಹೇಳಿದ ಕತೆಯನ್ನೂ ಅವರ ಮಾತಿನಲ್ಲೇ ಬರೆದಿಡಿ, ಆದರೆ ‘ಹೇಳಿದ್ದು’ ಎಂದು ಗುರುತು ಹಾಕಿ. ಕಾಗದ ಇಲ್ಲದ ಕತೆಗೆ ಹೆಚ್ಚು ಹಣ ಕೊಡಬಾರದು.

ಸಣ್ಣ ಚೀಟಿ, ಪಟ್ಟಿ, ತೂಗುಬಿಲ್ಲೆ ಯಾವುದನ್ನೂ ಎಸೆಯಬೇಡಿ. ಸ್ವಿಸ್ ಕೆ31ರಲ್ಲಿ ಬಟ್ಟಿನ ತಗಡಿನ ಕೆಳಗೆ ಆ ರೈಫಲ್ ಹೊತ್ತ ಸೈನಿಕನ ಹೆಸರಿನ ಚೀಟಿ ಸಿಗುವುದುಂಟು. ಸ್ವೀಡಿಷ್ ಮೌಸರ್‌ಗಳ ಬಟ್ಟಿಗೆ ಹೊಡೆದ ಹಿತ್ತಾಳೆ ಬಿಲ್ಲೆ ನಳಿಗೆಯ ಸ್ಥಿತಿ ಹೇಳುತ್ತದೆ. ಬಿಲ್ಲೆಗೆ ಬ್ರಾಸ್ಸೋ ಹಾಕಿ ಹೊಳೆಸಿದರೆ ಆ ಬರಹವೇ ಸವೆದುಹೋಗುತ್ತದೆ.

ಹಂತ 10: ಬಿಚ್ಚುವುದು, ಅಗತ್ಯವಿದ್ದರೆ ಮಾತ್ರ

ಮರದ ಅಡಿಯಲ್ಲಿ ತುಕ್ಕು ಹರಡುತ್ತಿದೆ ಎಂಬ ಅನುಮಾನ ಇದ್ದರೆ ಬಿಚ್ಚಿ. ಬರೀ ಕುತೂಹಲಕ್ಕೆ ಬೇಡ. ಅಂಚು ಓರೆಯಾಗದೆ ಸಮಾನಾಂತರವಾಗಿ ಅರೆದ ಸ್ಕ್ರೂ ಡ್ರೈವರ್ ಬೇಕು. ಅದು ಸೀಳಿನ ಅಗಲಕ್ಕೂ ದಪ್ಪಕ್ಕೂ ಬಿಗಿಯಾಗಿ ಕೂರಬೇಕು. ಬಿಗಿದುಕೊಂಡ ಸ್ಕ್ರೂಗೆ ತುಕ್ಕು ಸಡಿಲಿಸುವ ಎಣ್ಣೆ ಒಂದು ಹನಿ ಹಾಕಿ ದಿನಗಟ್ಟಲೆ ಬಿಡಿ, ಬಲ ಹಾಕಬೇಡಿ.

ಲೀ-ಎನ್‌ಫೀಲ್ಡ್ ನಂ. 1ರಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಬಟ್ಟನ್ನು ಹಿಡಿದಿರುವ ಉದ್ದ ಬೋಲ್ಟಿನ ಚೌಕ ತುದಿ ಮುಂಭಾಗದ ಮರದಲ್ಲಿನ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಮುಂಭಾಗದ ಮರ ತೆಗೆಯದೆ ಬಟ್ಟಿನ ಬೋಲ್ಟ್ ತಿರುಗಿಸಿದರೆ ಆ ಚೌಕ ತಿರುಗಿ ಮರವನ್ನು ಒಳಗಿನಿಂದ ಸೀಳುತ್ತದೆ. ಯಾವತ್ತೂ ಮುಂಭಾಗದ ಮರ ಮೊದಲು, ಬಟ್ ಆಮೇಲೆ.

ಹಂತ 11: ಶುಚಿ ಮಾಡುವುದು, ಎಷ್ಟು ಕಡಿಮೆಯೋ ಅಷ್ಟು

ಲೋಹದ ಮೇಲೆ ಎರಡು ಬಗೆಯ ತುಕ್ಕು ಇರುತ್ತದೆ. ಕಂದು, ಗಟ್ಟಿ, ಬೆರಳಿಗೆ ಹತ್ತದ ಪದರ ಸತ್ತ ತುಕ್ಕು. ಅದು ತನ್ನ ಪಾಡಿಗೆ ಇರಲಿ, ಅದೇ ಆ ವಸ್ತುವಿನ ವಯಸ್ಸು. ಕೆಂಪು-ಕಿತ್ತಳೆ ಪುಡಿಯಾಗಿ ಬೆರಳಿಗೆ ಹತ್ತುವುದು ಜೀವಂತ ತುಕ್ಕು. ಅದನ್ನು ಮಾತ್ರ ನಿಲ್ಲಿಸಬೇಕು. ತೆಳು ಎಣ್ಣೆ ಹಚ್ಚಿ ಒಂದೆರಡು ದಿನ ಬಿಟ್ಟು, ಒರಟು ಹತ್ತಿ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಮತ್ತೆ ಎಣ್ಣೆ, ಮತ್ತೆ ದಿನ. ವೈರ್ ಬ್ರಷ್, ಎಮರಿ ಪೇಪರ್, ಆಮ್ಲದ ತುಕ್ಕುನಾಶಕ ಮೂರೂ ನಿಷಿದ್ಧ. ತುಕ್ಕುನಾಶಕ ತುಕ್ಕಿನ ಜೊತೆ ಮೂಲ ಬಣ್ಣವನ್ನೂ ಕರಗಿಸುತ್ತದೆ, ಏಕೆಂದರೆ ಹಳೆಯ ಬಣ್ಣವೂ ಒಂದು ಬಗೆಯ ಕಬ್ಬಿಣದ ಆಕ್ಸೈಡೇ.

ಗೋದಾಮಿನಲ್ಲಿ ಬಳಿದ ದಪ್ಪ ಕಾಸ್ಮೊಲಿನ್ ಗ್ರೀಸನ್ನು ಲೋಹದಿಂದ ತೆಗೆಯಲು ಟರ್ಪೆಂಟೈನ್ ಬದಲಿಗೆ ಬಳಸುವ ಮಿನರಲ್ ಸ್ಪಿರಿಟ್ ಸಾಕು. ಕಿಟಕಿ ತೆರೆದು, ಬೆಂಕಿಯಿಂದ ದೂರ ಮಾಡಿ. ಅರಗಿನ ಪಾಲಿಶ್ ಇರುವ ಮರಕ್ಕೆ ಆಲ್ಕೊಹಾಲ್ ತಾಗಲೇಬಾರದು, ಪಾಲಿಶ್ ಕರಗಿ ಬರುತ್ತದೆ.

ಮರಕ್ಕೆ ಒದ್ದೆ ಮಾಡಿ ಹಿಂಡಿದ ಬಟ್ಟೆ, ಕೂಡಲೇ ಒಣ ಬಟ್ಟೆ, ಅಷ್ಟೇ. ಗುಳಿ ಎಬ್ಬಿಸಲು ಆವಿ ಹಿಡಿಯುವ ಉಪಾಯ ಎಲ್ಲರೂ ಹೇಳುತ್ತಾರೆ. ಮುದ್ರೆ ಕೂಡ ಮರವನ್ನು ಒತ್ತಿ ಮಾಡಿದ ಗುಳಿಯೇ ಎಂಬುದು ನೆನಪಿರಲಿ. ಆವಿ ಎರಡನ್ನೂ ಎಬ್ಬಿಸುತ್ತದೆ.

ಮೊದಲೇ ಅಗಸೆ ಎಣ್ಣೆ ಕುಡಿದ ಮರ ತೀರಾ ಒಣಗಿದ್ದರೆ ಹಸಿ ಅಗಸೆ ಎಣ್ಣೆ ಕೆಲವೇ ಹನಿ ಅಂಗೈಯಲ್ಲಿ ಉಜ್ಜಿ ಹಚ್ಚಬಹುದು. ಆ ಎಣ್ಣೆ ಹಿಡಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಕೊನೆಗೆ ಲೋಹಕ್ಕೆ ಮೈಕ್ರೊಕ್ರಿಸ್ಟಲೈನ್ ಮೇಣದ ತೆಳು ಲೇಪ. ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪುಗೊಂಡ ಈ ಮೇಣ ಎಣ್ಣೆಯಂತೆ ಹರಿಯುವುದಿಲ್ಲ, ಧೂಳು ಹಿಡಿಯುವುದಿಲ್ಲ.

ಹಂತ 12: ಇಡುವುದು

ಗಾಳಿಯ ತೇವಾಂಶ ಶೇ 45ರಿಂದ 55ರ ನಡುವೆ, ಏರಿಳಿತ ಕಡಿಮೆ ಇರಲಿ. ತೇವ ಹೆಚ್ಚಾದರೆ ಲೋಹ ಕೆಡುತ್ತದೆ, ತೀರಾ ಒಣಗಿದರೆ ಮರ ಕುಗ್ಗಿ ಸೀಳುತ್ತದೆ. ಕಪಾಟಿನಲ್ಲಿ ತೇವಮಾಪಕ, ಸಿಲಿಕಾ ಜೆಲ್ ಇಡಿ. ಸ್ಪಂಜಿನ ಪೆಟ್ಟಿಗೆ, ಚರ್ಮದ ಚೀಲ ಸಾಗಿಸಲು ಮಾತ್ರ, ಒಳಗೇ ಬಿಟ್ಟರೆ ತೇವ ಕೂತು ತಿಂಗಳುಗಳಲ್ಲೇ ತುಕ್ಕು ಬರುತ್ತದೆ. ಚರ್ಮದ ಪಟ್ಟಿ ಬಿಚ್ಚಿ ಬೇರೆ ಇಡಿ, ಬಯೊನೆಟ್ಟನ್ನು ಚರ್ಮದ ಒರೆಯಿಂದ ಹೊರಗಿಡಿ. ಚರ್ಮ ಹದ ಮಾಡಿದ ಆಮ್ಲ ಅಲಗನ್ನು ತಿನ್ನುತ್ತದೆ.

ನಳಿಗೆಗೆ ಎಣ್ಣೆ ಹಾಕಿದ್ದರೆ ಬಾಯಿ ಕೆಳಗೆ ಮಾಡಿ, ಮೆತ್ತನೆ ಬಟ್ಟೆಯ ಮೇಲೆ ನಿಲ್ಲಿಸಿ. ಎಣ್ಣೆ ಇಳಿದು ಬಟ್ಟಿನ ಮರಕ್ಕೆ ಸೇರುವುದು ಇದರಿಂದ ತಪ್ಪುತ್ತದೆ. ಬಾಯಿಗೆ ಬಿರಡೆ ಹಾಕಬೇಡಿ. ಬೀಗ, ಪರವಾನಗಿ ನಿಯಮದಂತೆ.

ಮೂರು ತಿಂಗಳಿಗೊಮ್ಮೆ ಕೈಗವಸು ಹಾಕಿ ಹೊರತೆಗೆದು ಬಳೆಗಳ ಅಂಚು, ಗುರಿಪಟ್ಟಿಯ ಅಡಿ, ಬಟ್ಟಿನ ತಗಡಿನ ಸುತ್ತ ಮೊದಲ ವಾರದ ಫೋಟೊ ಜೊತೆ ಹೋಲಿಸಿ. ಕಿತ್ತಳೆ ಪುಡಿ ಕಂಡರೆ ಹಂತ 11ಕ್ಕೆ ಮರಳಿ. ಮರದಲ್ಲಿ ಹೊಸ ಬಿರುಕು ಉದ್ದವಾಗುತ್ತಿದ್ದರೆ ಅಂಟಿನ ಡಬ್ಬಿ ತೆರೆಯಬೇಡಿ. ಬಿರುಕಿನ ತುದಿ ಎಲ್ಲಿದೆ ಎಂದು ತಾರೀಖಿನ ಸಹಿತ ಬರೆದು, ವಸ್ತು ಸಂರಕ್ಷಣೆ ಕಲಿತವರಿಗೆ ತೋರಿಸಿ.